ಟೆರಿಜಿಯಂ ಶಸ್ತ್ರಚಿಕಿತ್ಸೆ: ಗ್ರಾಫ್ಟ್ ಹಿಡಿಸಲು ಹೊಲಿಗೆಯೋ, ಅಂಟೋ, ಸ್ವಂತ ರಕ್ತವೋ?

ಪ್ರಶ್ನೆ ಕೇಳಿದವರು

ಎಲ್ಲರಿಗೂ ನಮಸ್ಕಾರ. ನನ್ನ ಬಲಗಣ್ಣಿನಲ್ಲಿ ಮೂಗಿನ ಕಡೆಯಿಂದ ಹೊರಟ ದುರ್ಮಾಂಸ, ವೈದ್ಯರ ಮಾತಿನಲ್ಲಿ ಟೆರಿಜಿಯಂ, ಆರು ವರ್ಷಗಳಲ್ಲಿ ಕಪ್ಪುಗುಡ್ಡೆಯ ಮೇಲೆ ಮೂರು ಮಿಲಿಮೀಟರಿನಷ್ಟು ಹತ್ತಿ ಬಂದಿದೆ. ಕನ್ನಡಕದ ಸಿಲಿಂಡರ್ ಪವರ್ ಎರಡು ಸಲ ಬದಲಾಯಿತು. ಸಂಜೆಯ ಹೊತ್ತಿಗೆ ಕಣ್ಣು ಕೆಂಪಾಗಿ, ಒಳಗೆ ಮರಳು ಸಿಕ್ಕಿದಂತೆ ಚುಚ್ಚುತ್ತದೆ. ತೆಗೆಸಲೇಬೇಕು ಎಂಬ ವಿಷಯದಲ್ಲಿ ನಾನು ಕಂಡ ಇಬ್ಬರು ವೈದ್ಯರಲ್ಲಿ ಭಿನ್ನಾಭಿಪ್ರಾಯವಿಲ್ಲ. ಬಿಡಿಸಿದ ಜಾಗಕ್ಕೆ ಅದೇ ಕಣ್ಣಿನ ಮೇಲ್ಭಾಗದಿಂದ ತೆಳುವಾದ ಪೊರೆಯನ್ನು ತೆಗೆದು ಗ್ರಾಫ್ಟ್ ಆಗಿ ಕೂರಿಸಬೇಕು ಎಂಬುದರಲ್ಲೂ ಇಬ್ಬರದು ಒಂದೇ ಮಾತು. ಅವರ ಮಾತು ಬೇರೆಯಾದದ್ದು ಆ ಗ್ರಾಫ್ಟನ್ನು ಹಿಡಿಸುವ ಬಗೆಯಲ್ಲಿ. ಒಬ್ಬರು ಫೈಬ್ರಿನ್ ಅಂಟು ಒಳ್ಳೆಯದು ಎಂದರು. ಇನ್ನೊಬ್ಬರು ಹೊರಗಿನದು ಏನೂ ಬೇಡ, ನಿಮ್ಮದೇ ರಕ್ತ ಹೆಪ್ಪುಗಟ್ಟಿ ಅದನ್ನು ಹಿಡಿದುಕೊಳ್ಳುತ್ತದೆ ಎಂದರು. ನನ್ನ ಅಕ್ಕನಿಗೆ ಬಹಳ ಹಿಂದೆ ಹೊಲಿಗೆ ಹಾಕಿದ್ದರು, ಅವರ ಕಣ್ಣು ಇಂದಿಗೂ ಚೆನ್ನಾಗಿದೆ.

ಅಂಟು ಬಳಸಿದರೆ ದುರ್ಮಾಂಸ ಮರಳಿ ಬರುವ ಸಾಧ್ಯತೆ ಅರ್ಧಕ್ಕೆ ಇಳಿಯುತ್ತದೆ ಎಂದು ಓದಿದೆ. ಅದು ನಿಜವಾಗಿದ್ದರೆ ಹೊಲಿಗೆಯನ್ನು ಯಾರೂ ಏಕೆ ಬಳಸಬೇಕು? ನನ್ನ ಬಗ್ಗೆ ಇನ್ನೆರಡು ಸಂಗತಿಗಳನ್ನು ತಿಳಿಸಬೇಕು. ನನ್ನದು ಬಿಸಿಲು ಮತ್ತು ದೂಳಿನಲ್ಲಿ ನಿಂತು ಮಾಡುವ ಭೂಮಾಪನದ ಕೆಲಸ. ಹೃದಯದ ಸಲುವಾಗಿ ದಿನವೂ ಆಸ್ಪಿರಿನ್ ತೆಗೆದುಕೊಳ್ಳುತ್ತೇನೆ. ಈ ಕೆಲಸವನ್ನು ಮಾಡುವವರು ಮತ್ತು ಮಾಡಿಸಿಕೊಂಡವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಕಾರ್ನಿಯಾ ವಿಭಾಗದ ಶಸ್ತ್ರವೈದ್ಯೆ

ನಿಮ್ಮ ಪ್ರಶ್ನೆಗೆ ನೇರವಾಗಿ ಉತ್ತರಿಸುವ ಮೊದಲು, ಗ್ರಾಫ್ಟ್ ಏಕೆ ಬೇಕು ಎಂಬುದನ್ನು ಹೇಳಿಬಿಡುತ್ತೇನೆ. ಹಿಂದೆ ದುರ್ಮಾಂಸವನ್ನು ಕತ್ತರಿಸಿ ಕೆಳಗಿನ ಬಿಳಿಯ ಸ್ಕ್ಲೀರಾವನ್ನು ಹಾಗೆಯೇ ತೆರೆದು ಬಿಡುತ್ತಿದ್ದರು. ಪ್ರಕಟವಾದ ವರದಿಗಳಲ್ಲಿ ಹಾಗೆ ಬಿಟ್ಟ ಕಣ್ಣುಗಳಲ್ಲಿ ದುರ್ಮಾಂಸ ಮರಳಿದ ಪ್ರಮಾಣ ಶೇಕಡಾ 24ರಿಂದ 89ರವರೆಗೂ ಇದೆ, ಮತ್ತು ಮರಳಿ ಬಂದದ್ದು ಮೊದಲಿಗಿಂತ ದಪ್ಪವಾಗಿ, ಕೆಂಪಾಗಿ, ಕೆಳಗಿನ ಪದರಕ್ಕೆ ಹೆಚ್ಚು ಬಿಗಿಯಾಗಿ ಅಂಟಿಕೊಂಡು ಬರುತ್ತದೆ. 1985ರಲ್ಲಿ ಕೆನ್ಯನ್ ಮತ್ತು ಅವರ ಸಹೋದ್ಯೋಗಿಗಳು ರೋಗಿಯದೇ ಕಂಜಂಕ್ಟೈವಾವನ್ನು, ಎಂದರೆ ಕಣ್ಣಿನ ಬಿಳಿಭಾಗವನ್ನು ಹೊದಿಸುವ ತೆಳುಪೊರೆಯನ್ನು, ತಂದು ಹೊಲಿದ 57 ಕಣ್ಣುಗಳ ವಿವರ ಪ್ರಕಟಿಸಿದರು. ಅವುಗಳಲ್ಲಿ ಮರಳಿ ಬಂದದ್ದು ಕೇವಲ ಮೂರರಲ್ಲಿ, ಅದೂ ಬಹುಪಾಲು ಮುಂದುವರಿದ ಅಥವಾ ಒಮ್ಮೆ ಮರಳಿದ ದುರ್ಮಾಂಸವಿದ್ದ ಕಣ್ಣುಗಳ ನಡುವೆ. ಅಲ್ಲಿಂದೀಚೆಗೆ ನಾವೆಲ್ಲ ಮಾಡುತ್ತಿರುವುದು ಮೂಲತಃ ಅದೇ ಕೆಲಸ. ಅಂಟು ಮತ್ತು ರಕ್ತದ ವಿಧಾನಗಳು ಅದರ ಕೊನೆಯ ಹಂತವನ್ನು ಮಾತ್ರ ಬದಲಿಸಿದವು.

ಹೀಗಾಗಿ ನನ್ನ ಮಟ್ಟಿಗೆ ಮುಖ್ಯವಾದದ್ದು ಗ್ರಾಫ್ಟನ್ನು ಹೇಗೆ ಬಿಡಿಸುತ್ತಾರೆ ಎಂಬುದು. ಕಂಜಂಕ್ಟೈವಾದ ಅಡಿಯಲ್ಲಿ ಟೀನಾನ್ ಎಂಬ ನಾರುಪದರವಿದೆ. ಗ್ರಾಫ್ಟ್ ತೆಗೆಯುವಾಗ ಆ ನಾರು ಅದರ ಬೆನ್ನಿಗೆ ಅಂಟಿಕೊಂಡು ಬಂದರೆ ಗ್ರಾಫ್ಟ್ ದಪ್ಪವಾಗುತ್ತದೆ, ಕೆಲವೇ ದಿನಗಳಲ್ಲಿ ಕುಗ್ಗುತ್ತದೆ, ಅಂಚು ಹಿಂದಕ್ಕೆ ಸರಿಯುತ್ತದೆ. ಸರಿಯಾಗಿ ಬಿಡಿಸಿದ ಗ್ರಾಫ್ಟ್ ಎಷ್ಟು ತೆಳುವಾಗಿರುತ್ತದೆಂದರೆ, ಅದರ ಅಡಿಯಲ್ಲಿ ಕತ್ತರಿಯ ತುದಿಯನ್ನು ಆಡಿಸಿದರೆ ಲೋಹದ ಹೊಳಪು ಮೇಲಿನಿಂದಲೇ ಕಾಣಬೇಕು. ಬಿಡಿಸಿದ ಕೂಡಲೇ ಅದು ಒದ್ದೆ ಟಿಶ್ಯೂ ಕಾಗದದಂತೆ ಮುದುಡಿಕೊಳ್ಳುತ್ತದೆ. ಯಾವುದು ಮೇಲು, ಯಾವುದು ಕೆಳಗು ಎಂಬುದು ಆ ಕ್ಷಣದಲ್ಲಿ ಅನುಭವಿಗಳಿಗೂ ಗೊಂದಲವಾಗಬಹುದು. ಅದಕ್ಕಾಗಿಯೇ ಬಿಡಿಸುವ ಮೊದಲೇ ಮೇಲ್ಮೈಯಲ್ಲಿ ನೇರಳೆ ಶಾಯಿಯ ಪೆನ್ನಿನಿಂದ ಗುರುತು ಹಾಕುತ್ತೇವೆ. ತಲೆಕೆಳಗಾಗಿ ಕೂರಿಸಿದ ಗ್ರಾಫ್ಟ್ ಯಾವ ಅಂಟಿನಿಂದಲೂ ಉಳಿಯುವುದಿಲ್ಲ. ಕಪ್ಪುಗುಡ್ಡೆಯ ಅಂಚಿನ ಕಡೆಗಿದ್ದ ಭಾಗ ಹೊಸ ಜಾಗದಲ್ಲೂ ಅದೇ ಅಂಚಿಗೆ ಬರಬೇಕು, ಅಳತೆ ಗಾಯಕ್ಕಿಂತ ಅರ್ಧದಿಂದ ಒಂದು ಮಿಲಿಮೀಟರ್ ದೊಡ್ಡದಿರಬೇಕು.

ಈಗ ಹಿಡಿಸುವ ವಿಷಯಕ್ಕೆ ಬರುತ್ತೇನೆ. ಹೊಲಿಗೆಗೆ ಸಾಮಾನ್ಯವಾಗಿ 8-0 ವೈಕ್ರಿಲ್ ದಾರ ಬಳಸುತ್ತಾರೆ, ಅದು ತಾನಾಗಿಯೇ ಕರಗುತ್ತದೆ. ಕೆಲವರು 10-0 ನೈಲಾನ್ ಬಳಸುತ್ತಾರೆ, ಅದನ್ನು ಆಮೇಲೆ ತೆಗೆಯಬೇಕಾಗುತ್ತದೆ. ಕಪ್ಪುಗುಡ್ಡೆಯ ಅಂಚಿನ ಎರಡು ಮೂಲೆಗಳಲ್ಲಿ ಸೂಜಿ ಸ್ಕ್ಲೀರಾದ ಮೇಲ್ಪದರವನ್ನೂ ಹಿಡಿದು ಬರಬೇಕು, ಉಳಿದೆಡೆ ಪೊರೆಗೆ ಪೊರೆ ಹೊಲಿದರೆ ಸಾಕು. ಇದರ ಬಲವೆಂದರೆ ಭದ್ರತೆ. ದೋಷವೆಂದರೆ ಸಮಯ ಮತ್ತು ನೋವು. ಗಂಟುಗಳು ರೆಪ್ಪೆಗೆ ತಾಗಿ ಎರಡು ವಾರ ಚುಚ್ಚುತ್ತಿರುತ್ತವೆ, ಕಣ್ಣಲ್ಲಿ ನೀರು ಸುರಿಯುತ್ತದೆ, ದಾರದ ಸುತ್ತ ಉರಿಯೂತವಾಗಿ ಕೆಲವೊಮ್ಮೆ ಗ್ರ್ಯಾನುಲೋಮಾ ಎಂಬ ಕೆಂಪು ಗುಳ್ಳೆ ಏಳುತ್ತದೆ.

ಫೈಬ್ರಿನ್ ಅಂಟು ಎರಡು ದ್ರವಗಳ ಜೋಡಿ. ಒಂದರಲ್ಲಿ ಫೈಬ್ರಿನೋಜನ್, ಇನ್ನೊಂದರಲ್ಲಿ ಥ್ರಾಂಬಿನ್. ಎರಡೂ ಸೇರಿದಾಗ ರಕ್ತ ಹೆಪ್ಪುಗಟ್ಟುವ ಕೊನೆಯ ಹಂತವೇ ಅಲ್ಲಿ ನಡೆಯುತ್ತದೆ. 2004ರಲ್ಲಿ ಸ್ವೀಡನ್ನಿನ ಕೊರಾನ್ಯಿ ಮತ್ತು ಸಂಗಡಿಗರು ಇದನ್ನು ‘ಕತ್ತರಿಸಿ ಅಂಟಿಸುವ’ ವಿಧಾನವೆಂದು ಪ್ರಕಟಿಸಿದ ಮೇಲೆ ಬಳಕೆ ಹೆಚ್ಚಿತು. ಸ್ವಂತ ರಕ್ತದ ವಿಧಾನವನ್ನು 2010ರಲ್ಲಿ ಡಿ ವಿಟ್ ಮತ್ತು ಸಂಗಡಿಗರು ಒಂದು ಸಣ್ಣ ಸರಣಿಯಲ್ಲಿ ವರದಿ ಮಾಡಿದರು. ಗಾಯದ ತಳದಲ್ಲಿ ಜಿನುಗುವ ರಕ್ತವನ್ನು ಕಾಟರಿ ಎಂಬ ಬಿಸಿ ಉಪಕರಣದಿಂದ ಸುಡದೆ, ಅದರ ತೆಳುವಾದ ಪದರದ ಮೇಲೆಯೇ ಗ್ರಾಫ್ಟನ್ನು ಹಾಸಿ, ಅಂಚುಗಳನ್ನು ಹಿಡಿದು ಐದರಿಂದ ಹತ್ತು ನಿಮಿಷ ಕಾಯುವುದು ಇದರ ಕ್ರಮ. ದಾರವಿಲ್ಲ, ಅಂಟಿನಲ್ಲಿರುವಂತೆ ಬೇರೆಯವರ ಪ್ಲಾಸ್ಮಾ, ಎಂದರೆ ರಕ್ತದ ದ್ರವಭಾಗ, ಇಲ್ಲ. ಆದರೆ ಮೊದಲ ಒಂದೆರಡು ದಿನ ಗ್ರಾಫ್ಟ್ ಬಹಳ ಸೂಕ್ಷ್ಮ ಸ್ಥಿತಿಯಲ್ಲಿರುತ್ತದೆ.

ನಿಮಗೆ ಯಾವುದು ಸರಿ ಎಂದು ಕಣ್ಣನ್ನು ನೋಡದೆ ಹೇಳಲಾರೆ. ನಿಮ್ಮ ದುರ್ಮಾಂಸ ತೆಳುವಾಗಿದೆಯೋ, ದಪ್ಪಗೆ ಮಾಂಸಲವಾಗಿದೆಯೋ ಎಂಬುದನ್ನು ನಿಮ್ಮ ವೈದ್ಯರಿಂದ ತಿಳಿದುಕೊಳ್ಳಿ. ಅದರ ಮೂಲಕ ಕೆಳಗಿನ ಸೂಕ್ಷ್ಮ ರಕ್ತನಾಳಗಳು ಸ್ವಲ್ಪವೂ ಕಾಣದಷ್ಟು ದಪ್ಪವಿದ್ದರೆ ಮರಳಿ ಬರುವ ಸಾಧ್ಯತೆ ಹೆಚ್ಚು ಎಂಬುದನ್ನು 1997ರಲ್ಲಿ ಟ್ಯಾನ್ ಮತ್ತು ಸಂಗಡಿಗರು ತೋರಿಸಿದ್ದಾರೆ. ಆ ಒಂದು ಸಂಗತಿ ಅಂಟಿನ ಆಯ್ಕೆಗಿಂತ ಹೆಚ್ಚು ತೂಕದ್ದು.

ಎರಡೂ ಕಣ್ಣಿಗೆ ಮಾಡಿಸಿಕೊಂಡವರು

ನನ್ನ ಎಡಗಣ್ಣಿಗೆ ಹೊಲಿಗೆ ಹಾಕಿದ್ದರು, ಎರಡು ವರ್ಷಗಳ ನಂತರ ಬಲಗಣ್ಣಿಗೆ ಅಂಟು ಬಳಸಿದರು. ಒಬ್ಬರೇ ಶಸ್ತ್ರವೈದ್ಯರು ಎರಡನ್ನೂ ಮಾಡಿದ್ದರಿಂದ ಹೋಲಿಕೆ ಸ್ವಲ್ಪಮಟ್ಟಿಗೆ ನ್ಯಾಯವಾಗಿದೆ ಎಂದುಕೊಂಡು ಬರೆಯುತ್ತಿದ್ದೇನೆ.

ಹೊಲಿಗೆ ಹಾಕಿದ ಕಣ್ಣಿನಲ್ಲಿ ಮೂರನೆಯ ದಿನ ಬಹಳ ಕಷ್ಟವಾಯಿತು. ಪ್ರತಿ ಸಲ ರೆಪ್ಪೆ ಮುಚ್ಚಿದಾಗಲೂ ಒಂದೇ ಜಾಗದಲ್ಲಿ ಕಡ್ಡಿ ಗೀರಿದಂತಾಗುತ್ತಿತ್ತು. ಮಲಗಿದರೆ ಮಾತ್ರ ಸ್ವಲ್ಪ ಹಿತವೆನಿಸುತ್ತಿತ್ತು. ಹನ್ನೆರಡನೆಯ ದಿನ ಬೆಳಿಗ್ಗೆ ಮುಖ ತೊಳೆಯುವಾಗ ಸಣ್ಣ ದಾರದ ತುಂಡೊಂದು ತಾನಾಗಿಯೇ ಹೊರಬಂತು, ಆ ಗಳಿಗೆಯಿಂದ ಚುಚ್ಚುವುದು ಅರ್ಧಕ್ಕರ್ಧ ನಿಂತಿತು. ಅಂಟು ಬಳಸಿದ ಕಣ್ಣಿನಲ್ಲಿ ಇಂಥ ಯಾವ ತೊಂದರೆಯೂ ಇರಲಿಲ್ಲ. ಮೊದಲ ರಾತ್ರಿ ಉರಿ ಇತ್ತು. ಅದು ಕಪ್ಪುಗುಡ್ಡೆಯ ಮೇಲಿನ ಚರ್ಮ ಹೊಸದಾಗಿ ಕೂಡಿಕೊಳ್ಳುವ ತನಕ ಯಾವ ವಿಧಾನದಲ್ಲೂ ಇರುತ್ತದೆ ಎಂದು ವೈದ್ಯರು ಮೊದಲೇ ಹೇಳಿದ್ದರು. ನಾಲ್ಕನೆಯ ದಿನ ನಾನು ಓದಲು ಕುಳಿತೆ.

ಇದೇ ಕಾರಣಕ್ಕೆ ಅಂಟೇ ಮೇಲು ಎಂದು ನಾನು ಹೇಳಬಹುದಿತ್ತು, ಆದರೆ ಇಂದು ಕನ್ನಡಿಯ ಮುಂದೆ ನಿಂತರೆ ಎರಡು ಕಣ್ಣುಗಳಲ್ಲಿ ಯಾವುದಕ್ಕೆ ಯಾವುದನ್ನು ಮಾಡಿದ್ದು ಎಂದು ನನಗೇ ಗುರುತು ಸಿಗುವುದಿಲ್ಲ. ವ್ಯತ್ಯಾಸವಿದ್ದದ್ದು ಆ ಎರಡು ವಾರಗಳಲ್ಲಿ. ಆ ಎರಡು ವಾರ ರಜೆ ಸಿಗದ ಕೆಲಸದವರಿಗೆ ಅದೂ ಸಣ್ಣ ವಿಷಯವಲ್ಲ.

ರಕ್ತ ಪರೀಕ್ಷಾಲಯದಲ್ಲಿ ಕೆಲಸ ಮಾಡುವವರು

ನಾನು ಕಣ್ಣಿನ ತಜ್ಞನಲ್ಲ. ಆದರೆ ಅಂಟು ಮತ್ತು ಸ್ವಂತ ರಕ್ತ ಎರಡೂ ಒಂದೇ ಎಂಬ ಭಾವನೆ ಇಲ್ಲಿ ಮೂಡಬಾರದು ಎಂಬ ಕಾಳಜಿಯಿಂದ ಬರೆಯುತ್ತಿದ್ದೇನೆ. ಎರಡರಲ್ಲೂ ನಡೆಯುವ ಕ್ರಿಯೆ ಒಂದೇ: ಥ್ರಾಂಬಿನ್ ಎಂಬ ಕಿಣ್ವ ಫೈಬ್ರಿನೋಜನ್ನನ್ನು ಫೈಬ್ರಿನ್ ಎಳೆಗಳಾಗಿ ಬದಲಿಸುತ್ತದೆ, ಹದಿಮೂರನೆಯ ಹೆಪ್ಪುಕಾರಕ ಆ ಎಳೆಗಳನ್ನು ಒಂದಕ್ಕೊಂದು ಹೆಣೆದು ಗಟ್ಟಿ ಮಾಡುತ್ತದೆ. ವ್ಯತ್ಯಾಸವಿರುವುದು ಸಾಂದ್ರತೆಯಲ್ಲಿ. ಆರೋಗ್ಯವಂತರ ಒಂದು ಮಿಲಿಲೀಟರ್ ಪ್ಲಾಸ್ಮಾದಲ್ಲಿ ಫೈಬ್ರಿನೋಜನ್ ಎರಡರಿಂದ ನಾಲ್ಕು ಮಿಲಿಗ್ರಾಂ ಇರುತ್ತದೆ. ಸಾಮಾನ್ಯವಾಗಿ ಬಳಕೆಯಲ್ಲಿರುವ ಅಂಟಿನ ಕಿಟ್‌ಗಳಲ್ಲಿ ಅದು ಮಿಲಿಲೀಟರಿಗೆ 70ರಿಂದ 100 ಮಿಲಿಗ್ರಾಂ ಆಸುಪಾಸಿನಲ್ಲಿರುತ್ತದೆ. ಎಂದರೆ ಇಪ್ಪತ್ತು ಪಟ್ಟಿಗೂ ಹೆಚ್ಚು. ಹೆಣಿಗೆ ಎಷ್ಟು ಒತ್ತಾಗಿದೆಯೋ ಹಿಡಿತ ಅಷ್ಟು ಗಟ್ಟಿ. ಸ್ವಂತ ರಕ್ತದ ಹಿಡಿತ ದುರ್ಬಲವಾಗಿರುವುದು ಮತ್ತು ನಿಮಿಷಗಟ್ಟಲೆ ಕಾಯಬೇಕಾಗುವುದು ಇದೇ ಕಾರಣಕ್ಕೆ.

ಥ್ರಾಂಬಿನ್ನಿನ ಪ್ರಮಾಣ ವೇಗವನ್ನು ನಿರ್ಧರಿಸುತ್ತದೆ. ಮಿಲಿಲೀಟರಿಗೆ 500 ಯೂನಿಟ್ ಇದ್ದರೆ ಕೆಲವೇ ಸೆಕೆಂಡುಗಳಲ್ಲಿ ಗಟ್ಟಿಯಾಗುತ್ತದೆ, ಅದನ್ನೇ 4 ಯೂನಿಟ್‌ಗೆ ಇಳಿಸಿದರೆ ಒಂದು ನಿಮಿಷದಷ್ಟು ಅವಕಾಶ ಸಿಗುತ್ತದೆ. ಕೆಲವು ಕಿಟ್‌ಗಳಲ್ಲಿ ಹೆಪ್ಪು ಬೇಗ ಕರಗದಂತೆ ಅಪ್ರೋಟಿನಿನ್ ಸೇರಿಸಿರುತ್ತಾರೆ. ಅದು ಹಿಂದೆ ದನದ ಶ್ವಾಸಕೋಶದಿಂದ ತೆಗೆದದ್ದಾಗಿತ್ತು, ಈಗ ಕೃತಕವಾಗಿ ತಯಾರಿಸಿದ್ದೂ ಬಂದಿದೆ. ಆ ವಸ್ತುವಿಗೆ ಅಲರ್ಜಿ ಇರುವವರು ಮೊದಲೇ ತಿಳಿಸಬೇಕು.

ಇನ್ನೊಂದು ಪ್ರಾಮಾಣಿಕ ಮಾತು. ಅಂಟಿನ ಫೈಬ್ರಿನೋಜನ್ ಅನೇಕ ದಾನಿಗಳ ಪ್ಲಾಸ್ಮಾ ಸೇರಿಸಿ ತಯಾರಿಸಿದ್ದು. ದಾನಿಗಳ ಪರೀಕ್ಷೆ ಆಗಿರುತ್ತದೆ, ವೈರಾಣುಗಳನ್ನು ನಿಷ್ಕ್ರಿಯಗೊಳಿಸುವ ಹಂತಗಳೂ ಇರುತ್ತವೆ. ಆದರೂ ಪಾರ್ವೋವೈರಸ್ ಬಿ19ರಂತಹ ಹೊರಕವಚವಿಲ್ಲದ ವೈರಾಣುಗಳ ವಿಷಯದಲ್ಲಿ ಅಪಾಯ ಪೂರ್ತಿ ಶೂನ್ಯವೆಂದು ತಯಾರಕರೇ ಬರೆಯುವುದಿಲ್ಲ. ಅಪಾಯ ಬಹಳ ಚಿಕ್ಕದು, ಆದರೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವವರಿಗೆ ಅದನ್ನು ಹೇಳಿರಬೇಕು.

ಹಿರಿಯ ಶಸ್ತ್ರವೈದ್ಯ

ನಾನು ಬಹಳ ವರ್ಷಗಳಿಂದ ಹೊಲಿಯುತ್ತಿರುವವನು, ಈಗಲೂ ಹೊಲಿಗೆಯ ಪರವಾಗಿಯೇ ಮಾತನಾಡುತ್ತೇನೆ. ಪ್ರಶ್ನೆ ಕೇಳಿದವರು ಓದಿದ ‘ಅರ್ಧಕ್ಕೆ ಇಳಿಯುತ್ತದೆ’ ಎಂಬ ಮಾತು ವೈದ್ಯಕೀಯ ಪ್ರಯೋಗಗಳನ್ನು ಒಟ್ಟಾಗಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2016ರ ಪರಿಶೀಲನೆಯಿಂದ ಬಂದದ್ದಿರಬೇಕು. 14 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಅಂಟಿನ ಗುಂಪಿನಲ್ಲಿ ದುರ್ಮಾಂಸ ಮರಳಿದ್ದು ಹೊಲಿಗೆಯ ಗುಂಪಿನ ಅರ್ಧದಷ್ಟು, ಮತ್ತು ಶಸ್ತ್ರಚಿಕಿತ್ಸೆಯ ಸಮಯ ಸರಾಸರಿ 17 ನಿಮಿಷ ಕಡಿಮೆ. ಇದು ನಿಜ. ಆದರೆ ಅದೇ ಪರಿಶೀಲನೆಯ ಮುಂದಿನ ಭಾಗವನ್ನು ಬಹಳ ಜನ ಓದುವುದಿಲ್ಲ. ಗ್ರಾಫ್ಟ್ ಬಿಚ್ಚಿಕೊಳ್ಳುವುದು, ಹಿಂದೆ ಸರಿಯುವುದು, ಗ್ರ್ಯಾನುಲೋಮಾ ಏಳುವುದು ಮುಂತಾದ ತೊಡಕುಗಳು ಅಂಟಿನ ಗುಂಪಿನಲ್ಲಿ ಹೊಲಿಗೆಯ ಗುಂಪಿಗಿಂತ ಹೆಚ್ಚು ಕಂಡವು.

ಇನ್ನು ಆ ‘ಅರ್ಧ’ ಎಂಬುದು ಎಷ್ಟರ ಅರ್ಧ ಎಂದು ಕೇಳಬೇಕು. ನೂರು ಜನರಿಗೆ ಹೊಲಿಗೆಯ ಬದಲು ಅಂಟು ಬಳಸಿದರೆ ಸುಮಾರು ಐದು ಜನರಲ್ಲಿ ಮರಳುವುದು ತಪ್ಪಬಹುದು ಎಂಬುದು ಅಲ್ಲಿನ ಅಂದಾಜು. ಐದು ಜನ ಎಂಬುದು ಸಣ್ಣ ಲಾಭವಲ್ಲ, ನಾನು ಅದನ್ನು ಒಪ್ಪುತ್ತೇನೆ. ಆದರೆ ಆ ಪ್ರಯೋಗಗಳಲ್ಲಿ ‘ಮರಳುವುದು’ ಎಂಬುದಕ್ಕೆ ಎಲ್ಲರೂ ಒಂದೇ ಅರ್ಥ ಕೊಟ್ಟಿರಲಿಲ್ಲ. ಯಾವ ಕಣ್ಣಿಗೆ ದಾರವಿದೆ ಎಂಬುದು ಪರೀಕ್ಷಿಸುವವರಿಗೆ ಮೊದಲ ವಾರಗಳಲ್ಲಿ ಕಣ್ಣಿಗೆ ಕಾಣುತ್ತಲೇ ಇರುವುದರಿಂದ ಪಕ್ಷಪಾತವನ್ನು ಪೂರ್ತಿ ತಪ್ಪಿಸುವುದೂ ಕಷ್ಟ. ಅಂಟು ತಕ್ಷಣ ಹಿಡಿಯುವುದರಿಂದ ಗ್ರಾಫ್ಟಿನ ಅಡಿಯಲ್ಲಿ ನಾರುಕೋಶಗಳು ನುಸುಳಲು ಜಾಗ ಸಿಗುವುದಿಲ್ಲ, ದಾರವಿಲ್ಲದ್ದರಿಂದ ಉರಿಯೂತ ಕಡಿಮೆ, ಹಾಗಾಗಿ ಮರಳುವುದೂ ಕಡಿಮೆ ಎಂಬ ವಿವರಣೆಯಲ್ಲಿ ತರ್ಕವಿದೆ. ಅದನ್ನು ನಾನು ತಳ್ಳಿಹಾಕುತ್ತಿಲ್ಲ.

ನನ್ನ ಮುಖ್ಯ ಆಕ್ಷೇಪ ಬೇರೆ. ಆಸ್ಟ್ರೇಲಿಯಾದ ಲಾರೆನ್ಸ್ ಹರ್ಸ್ಟ್ ಅವರು ಸತತವಾಗಿ ಸಾವಿರ ಕಣ್ಣುಗಳಿಗೆ ಮಾಡಿದ ಶಸ್ತ್ರಚಿಕಿತ್ಸೆಯ ಫಲಿತಾಂಶವನ್ನು ಪ್ರಕಟಿಸಿದಾಗ ಮರಳಿ ಬಂದದ್ದು ಒಂದೇ ಒಂದು ಕಣ್ಣಿನಲ್ಲಿ. ಅವರು ಬಳಸಿದ್ದು ಅಂಟನ್ನಲ್ಲ, ಹೊಲಿಗೆಯನ್ನು. ಅವರ ಗುಟ್ಟು ಟೀನಾನ್ ಪದರವನ್ನು ಬಹಳ ವಿಸ್ತಾರವಾಗಿ ತೆಗೆದು, ಬಹಳ ದೊಡ್ಡ ಗ್ರಾಫ್ಟ್ ಹಾಕುವುದರಲ್ಲಿತ್ತು. ಅದಕ್ಕೆ ಒಂದು ಗಂಟೆಯ ಆಸುಪಾಸು ಸಮಯ ಹಿಡಿಯುತ್ತದೆ, ರೋಗಿಗೆ ನೋವೂ ಹೆಚ್ಚು, ಎಲ್ಲರೂ ಅದನ್ನು ಮಾಡಲಾರರು. ಆದರೂ ದಾರ ಇದ್ದ ಮಾತ್ರಕ್ಕೆ ದುರ್ಮಾಂಸ ಮರಳುತ್ತದೆ ಎಂಬ ಮಾತಿಗೆ ಅದು ಸ್ಪಷ್ಟ ಉತ್ತರ. ಅಂಟು ಬಂದ ಮೇಲೆ ತರಬೇತಿಯಲ್ಲಿರುವ ಕಿರಿಯರು ಹೊಲಿಯುವುದನ್ನೇ ಕಲಿಯದೆ ಹೋಗುತ್ತಿದ್ದಾರೆ ಎಂಬುದು ನನ್ನ ನಿಜವಾದ ಚಿಂತೆ. ಅಂಟು ಹಿಡಿಯದ ದಿನ ಅವರ ಕೈಯಲ್ಲಿ ಬೇರೆ ಉಪಾಯವಿರುವುದಿಲ್ಲ.

ಶಸ್ತ್ರಚಿಕಿತ್ಸಾ ಕೊಠಡಿಯ ನರ್ಸ್

ಹಿರಿಯ ವೈದ್ಯರ ಮಾತಿಗೆ ನಾನು ಗೌರವದಿಂದಲೇ ಒಂದು ವಿವರ ಸೇರಿಸುತ್ತೇನೆ, ಏಕೆಂದರೆ ಅಂಟು ಹಿಡಿಯದ ಸಂದರ್ಭಗಳಲ್ಲಿ ಹಲವು ನಮ್ಮ ಮೇಜಿನ ಮೇಲೆಯೇ ಶುರುವಾಗುತ್ತವೆ. ಶೈತ್ಯದಲ್ಲಿಟ್ಟ ಕಿಟ್ಟನ್ನು ಸರಿಯಾದ ಉಷ್ಣತೆಗೆ ತಂದು, ಫೈಬ್ರಿನೋಜನ್ ಪೂರ್ತಿ ಕರಗುವ ತನಕ ಕಾಯಬೇಕು. ಆತುರದಲ್ಲಿ ಸಿರಿಂಜಿಗೆ ಎಳೆದುಕೊಂಡರೆ ದ್ರವ ಜೇನಿನಂತೆ ದಪ್ಪವಾಗಿ ಗುಳ್ಳೆಗಳಿಂದ ತುಂಬಿರುತ್ತದೆ. ಎರಡು ದ್ರವಗಳ ಸಿರಿಂಜುಗಳನ್ನು ಮೇಜಿನ ಎರಡು ಬದಿಗಳಲ್ಲಿಟ್ಟು, ಒಂದಕ್ಕೆ ಗುರುತಿನ ಪಟ್ಟಿ ಅಂಟಿಸುತ್ತೇನೆ. ಒಂದರ ಸೂಜಿ ಇನ್ನೊಂದಕ್ಕೆ ತಾಗಿದರೆ ತುದಿಯಲ್ಲೇ ಹೆಪ್ಪುಗಟ್ಟಿ ಮುಚ್ಚಿಹೋಗುತ್ತದೆ.

ಚೆನ್ನಾಗಿ ಮಾಡುವವರು ಗಾಯದ ತಳಕ್ಕೆ ಒಂದು ಹನಿ ಫೈಬ್ರಿನೋಜನ್, ಕಪ್ಪುಗುಡ್ಡೆಯ ಮೇಲೆ ಮಗುಚಿಟ್ಟ ಗ್ರಾಫ್ಟಿನ ಬೆನ್ನಿಗೆ ಒಂದು ಹನಿ ಥ್ರಾಂಬಿನ್ ಹಾಕಿ, ಗ್ರಾಫ್ಟನ್ನು ಪುಟದ ಹಾಳೆ ತಿರುವಿದಂತೆ ತಿರುವಿ ಕೂರಿಸುತ್ತಾರೆ. ಅಡಿಯಲ್ಲಿ ಸಿಕ್ಕ ಹೆಚ್ಚಿನ ಅಂಟನ್ನು ಅಂಚಿನ ಕಡೆಗೆ ಒತ್ತಿ ಹೊರತರುತ್ತಾರೆ. ಹನಿ ಹೆಚ್ಚಾದರೆ ಗಟ್ಟಿ ಎಂದುಕೊಳ್ಳುವವರನ್ನೂ ನೋಡಿದ್ದೇನೆ. ಆಗ ಗ್ರಾಫ್ಟ್ ಮೆತ್ತೆಯ ಮೇಲೆ ಕುಳಿತಂತೆ ಎದ್ದುನಿಂತು, ಮರುದಿನ ಅಂಚು ಸುರುಳಿಯಾಗಿರುತ್ತದೆ.

ಒಂದು ವಿಷಯವನ್ನು ರೋಗಿಗಳು ಸಂಕೋಚವಿಲ್ಲದೆ ಕೇಳಬೇಕು: ಅಂಟಿನ ಕಿಟ್ ನನಗಾಗಿ ಹೊಸದಾಗಿ ತೆರೆದದ್ದೇ ಎಂದು. ದುಬಾರಿ ಎಂಬ ಕಾರಣಕ್ಕೆ ಒಂದೇ ಕಿಟ್ಟನ್ನು ಹಲವರಿಗೆ ಹಂಚುವ ರೂಢಿಯನ್ನು ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ ಕಂಡಿದ್ದೇನೆ. ಒಬ್ಬರಿಗಷ್ಟೇ ಬಳಸಬೇಕೆಂದು ಕಿಟ್ಟಿನ ಮೇಲೆ ಬರೆದಿರುವಾಗ ಅದು ಸರಿಯಲ್ಲ. ಅಲ್ಲಿ ನಾನು ಅದನ್ನು ಬಾಯಿಬಿಟ್ಟು ಹೇಳಿದೆ, ಇಲ್ಲಿಯೂ ಹೇಳುತ್ತೇನೆ.

ಗ್ರಾಫ್ಟ್ ಸರಿದ ಅನುಭವವುಳ್ಳವರು

ನನಗೆ ಸ್ವಂತ ರಕ್ತದ ವಿಧಾನದಲ್ಲಿ ಮಾಡಿದ್ದರು. ಇಪ್ಪತ್ತನಾಲ್ಕು ಗಂಟೆ ಪಟ್ಟಿ ಕಟ್ಟಿದ್ದರು, ಮರುದಿನ ಬಿಚ್ಚಿ ನೋಡಿದಾಗ ಎಲ್ಲವೂ ಸರಿಯಾಗಿತ್ತು. ಉಜ್ಜಬೇಡಿ ಎಂದು ಹೇಳಿದ್ದರು, ಹಗಲಿನಲ್ಲಿ ನಾನು ಉಜ್ಜಲಿಲ್ಲ. ಆದರೆ ಎರಡನೆಯ ರಾತ್ರಿ ನಿದ್ದೆಯಲ್ಲಿ ಉಜ್ಜಿಕೊಂಡಿರಬೇಕು. ಬೆಳಿಗ್ಗೆ ಎದ್ದಾಗ ದಿಂಬಿಗೆ ರಕ್ತದ ಕಲೆಯಿತ್ತು, ಕನ್ನಡಿಯಲ್ಲಿ ಮೂಗಿನ ಕಡೆಯ ಬಿಳಿಭಾಗ ಬರಿದಾಗಿ ಕಾಣುತ್ತಿತ್ತು, ಗ್ರಾಫ್ಟ್ ಕೆಳಗಿನ ಮೂಲೆಯಲ್ಲಿ ಮುದ್ದೆಯಾಗಿ ಸರಿದಿತ್ತು. ಅದೇ ಬೆಳಿಗ್ಗೆ ಮತ್ತೆ ಕೊಠಡಿಗೆ ಕರೆದೊಯ್ದು ಗ್ರಾಫ್ಟನ್ನು ಬಿಡಿಸಿ, ನಾಲ್ಕು ಹೊಲಿಗೆ ಹಾಕಿ ಕೂರಿಸಿದರು, ಅದು ಹಿಡಿಯಿತು. ಮಲಗುವಾಗ ಪ್ಲಾಸ್ಟಿಕ್ ಕವಚ ಕಟ್ಟಿಕೊಳ್ಳಬೇಕೆಂದು ನನಗೆ ಯಾರೂ ಹೇಳಿರಲಿಲ್ಲ. ಆ ಕವಚವಿದ್ದಿದ್ದರೆ ಎರಡನೆಯ ಶಸ್ತ್ರಚಿಕಿತ್ಸೆ ತಪ್ಪುತ್ತಿತ್ತು ಎಂದು ಇಂದಿಗೂ ಅನಿಸುತ್ತದೆ.

ಪ್ರಶ್ನೆ ಕೇಳಿದವರು

ಇಷ್ಟು ಶ್ರದ್ಧೆಯಿಂದ ಬರೆದ ಎಲ್ಲರಿಗೂ ಕೃತಜ್ಞತೆಗಳು. ಮೇಲಿನವರ ಅನುಭವ ಓದಿ ನನಗೆ ಹೆದರಿಕೆಯಾದದ್ದು ನಿಜ, ಏಕೆಂದರೆ ನಿದ್ದೆಯಲ್ಲಿ ಕಣ್ಣುಜ್ಜುವ ಅಭ್ಯಾಸ ನನಗೂ ಇದೆ ಎಂದು ಮನೆಯವರು ಹೇಳುತ್ತಾರೆ. ವೈದ್ಯೆ ಮೇಡಂ ಅವರಲ್ಲಿ ಎರಡು ಪ್ರಶ್ನೆಗಳಿವೆ. ಆಸ್ಪಿರಿನ್ ತೆಗೆದುಕೊಳ್ಳುವವರಿಗೆ ರಕ್ತದ ವಿಧಾನ ಹೊಂದುತ್ತದೆಯೇ? ಹೊಲಿಗೆ ಮತ್ತು ಅಂಟು ಎರಡನ್ನೂ ಸೇರಿಸಿ ಮಾಡುವ ಪದ್ಧತಿ ಇದೆಯೇ?

ಕಾರ್ನಿಯಾ ವಿಭಾಗದ ಶಸ್ತ್ರವೈದ್ಯೆ

ಮೊದಲು ಆಸ್ಪಿರಿನ್ ವಿಷಯ. ಹೃದಯಕ್ಕಾಗಿ ಕೊಟ್ಟ ಆಸ್ಪಿರಿನ್ನನ್ನು ಕಣ್ಣಿನ ಈ ಸಣ್ಣ ಶಸ್ತ್ರಚಿಕಿತ್ಸೆಗಾಗಿ ನೀವಾಗಿಯೇ ಎಂದಿಗೂ ನಿಲ್ಲಿಸಬೇಡಿ. ನಿಲ್ಲಿಸುವ ಅಥವಾ ಮುಂದುವರಿಸುವ ಮಾತು ನಿಮ್ಮ ಹೃದಯದ ವೈದ್ಯರದು. ರಕ್ತದ ವಿಧಾನಕ್ಕೆ ಬೇಕಾದದ್ದು ತೆಳುವಾದ, ಬೇಗ ಹೆಪ್ಪುಗಟ್ಟುವ ಪದರ. ಜಿನುಗುವುದು ನಿಲ್ಲದಿದ್ದರೆ ಗ್ರಾಫ್ಟಿನ ಅಡಿಯಲ್ಲಿ ರಕ್ತ ಕೂಡಿ ಅದನ್ನು ಮೇಲಕ್ಕೆತ್ತುತ್ತದೆ. ಇನ್ನೊಂದು ತುದಿಯಲ್ಲಿ, ಕಾಟರಿಯಿಂದ ತಳವನ್ನೆಲ್ಲ ಸುಟ್ಟರೆ ಹಿಡಿಯಲು ರಕ್ತವೇ ಇರುವುದಿಲ್ಲ. ಹೆಪ್ಪುಗಟ್ಟುವುದನ್ನು ತಡೆಯುವ ಔಷಧಿ ತೆಗೆದುಕೊಳ್ಳುವವರಿಗೆ ಮತ್ತು ಉಜ್ಜುವ ಅಭ್ಯಾಸವಿರುವವರಿಗೆ ನಾನು ಕೇವಲ ರಕ್ತವನ್ನು ನಂಬಿ ಮಾಡುವುದಿಲ್ಲ.

ಎರಡನೆಯ ಪ್ರಶ್ನೆಗೆ, ಖಂಡಿತ ಇದೆ, ಮತ್ತು ನಾನು ಬಹಳ ಸಲ ಆರಿಸುವುದು ಅದನ್ನೇ. ಕಪ್ಪುಗುಡ್ಡೆಯ ಅಂಚಿನ ಎರಡು ಮೂಲೆಗಳಿಗೆ ಒಂದೊಂದು ಹೊಲಿಗೆ ಹಾಕಿ, ಗಂಟನ್ನು ಒಳಕ್ಕೆ ತಿರುಗಿಸಿ, ಉಳಿದ ಭಾಗವನ್ನು ಅಂಟಿನಿಂದ ಹಿಡಿಸುತ್ತೇನೆ. ಗ್ರಾಫ್ಟ್ ಸರಿದರೆ ಹೆಚ್ಚು ನಷ್ಟವಾಗುವುದು ಆ ಅಂಚಿನಲ್ಲೇ, ಏಕೆಂದರೆ ದುರ್ಮಾಂಸ ಮತ್ತೆ ಕಪ್ಪುಗುಡ್ಡೆಗೆ ಹತ್ತುವ ದಾರಿ ಅದು. ಎಂಟು ಹೊಲಿಗೆಗಳ ಚುಚ್ಚು ಎರಡಕ್ಕೆ ಇಳಿಯುತ್ತದೆ. ಹಿರಿಯರು ಹೇಳಿದ ಮಾತನ್ನು ನಾನು ಮನಸಾರೆ ಒಪ್ಪುತ್ತೇನೆ: ಈ ಎರಡು ಹೊಲಿಗೆಗಳನ್ನು ಹಾಕಲು ಬರದವರು ಅಂಟಿನ ಬಾಟಲಿ ಮುಟ್ಟಬಾರದು. ಬೈಪೋಲಾರ್ ಕಾಟರಿಯ ಚಿಮುಟದಿಂದ ಅಂಚುಗಳನ್ನು ಬೆಸೆಯುವ ವಿಧಾನವೂ ಇದೆ. ಅದು ಅಗ್ಗ ಮತ್ತು ಬೇಗ ಮುಗಿಯುತ್ತದೆ, ಆದರೆ ಬಿಸಿ ತಾಗಿದ ಅಂಚು ಕುಗ್ಗುವುದರಿಂದ ಗ್ರಾಫ್ಟನ್ನು ಸ್ವಲ್ಪ ದೊಡ್ಡದಾಗಿಯೇ ತೆಗೆದಿರಬೇಕು. ಕಾರ್ನಿಯಾದಲ್ಲಿ, ಎಂದರೆ ಕಪ್ಪುಗುಡ್ಡೆಯ ಪಾರದರ್ಶಕ ಹೊರಪದರದಲ್ಲಿ, ತೂತಾದಾಗ ಮುಚ್ಚಲು ಬಳಸುವ ಸೈಯನೋಅಕ್ರಿಲೇಟ್ ಅಂಟನ್ನು ಇಲ್ಲಿ ಬಳಸುವುದು ನನಗೆ ಸರಿ ಕಾಣುವುದಿಲ್ಲ. ಅದು ಗಾಜಿನಂತೆ ಗಟ್ಟಿಯಾಗಿ ಪೊರೆಯನ್ನು ಕೆರಳಿಸುತ್ತದೆ.

ಗ್ಲಾಕೋಮಾ ಇರುವವರ ಬಗ್ಗೆ ಯಾರೂ ಕೇಳದಿದ್ದರೂ ಹೇಳಿಬಿಡುತ್ತೇನೆ. ಮುಂದೆ ಕಣ್ಣಿನ ಮೇಲ್ಭಾಗದಲ್ಲಿ ಗ್ಲಾಕೋಮಾ ಶಸ್ತ್ರಚಿಕಿತ್ಸೆ ಬೇಕಾಗಬಹುದಾದವರಿಗೆ ಅಲ್ಲಿನ ಕಂಜಂಕ್ಟೈವಾವನ್ನು ಉಳಿಸಬೇಕು, ಅವರಿಗೆ ಕೆಳಭಾಗದಿಂದ ಗ್ರಾಫ್ಟ್ ತೆಗೆಯಬಹುದು. ಅಥವಾ ಗರ್ಭದಲ್ಲಿ ಮಗುವನ್ನು ಸುತ್ತುವರಿದಿರುವ ಆಮ್ನಿಯಾಟಿಕ್ ಪೊರೆಯನ್ನು ಬಳಸಬಹುದು, ಆದರೆ ಅದರಲ್ಲಿ ಆರು ತಿಂಗಳೊಳಗೆ ದುರ್ಮಾಂಸ ಮರಳುವುದು ಸ್ವಂತ ಗ್ರಾಫ್ಟಿಗಿಂತ ಹೆಚ್ಚು ಎಂಬುದು 2016ರ ಮತ್ತೊಂದು ಕಾಕ್ರೇನ್ ಪರಿಶೀಲನೆಯ ತೀರ್ಮಾನ.

ಶಸ್ತ್ರಚಿಕಿತ್ಸೆಯ ನಂತರ ಗ್ರಾಫ್ಟ್ ಊದಿಕೊಂಡು ಕೆಂಪಾಗಿ ಕಂಡರೆ ಗಾಬರಿಯಾಗಬೇಡಿ, ಎರಡು ಮೂರು ವಾರಗಳಲ್ಲಿ ಅದು ಇಳಿಯುತ್ತದೆ. ಸ್ಟೀರಾಯ್ಡ್ ಹನಿಗಳನ್ನು ವೈದ್ಯರು ವಾರ ವಾರಕ್ಕೆ ಇಳಿಸುತ್ತಾ ಬರುತ್ತಾರೆ, ಆ ಅವಧಿಯಲ್ಲಿ ಕಣ್ಣಿನ ಒತ್ತಡ ನೋಡಿಸಿಕೊಳ್ಳಬೇಕು. ಹರ್ಸ್ಟ್ ಅವರದೇ 1994ರ ಅಧ್ಯಯನದ ಪ್ರಕಾರ ಮರಳುವ ದುರ್ಮಾಂಸಗಳಲ್ಲಿ ಶೇಕಡಾ 97ರಷ್ಟು ಮೊದಲ ಹನ್ನೆರಡು ತಿಂಗಳಲ್ಲೇ ಕಾಣಿಸಿಕೊಳ್ಳುತ್ತವೆ. ಮೊದಲ ತಿಂಗಳು ಚೆನ್ನಾಗಿದೆ ಎಂದು ಮುಂದಿನ ಭೇಟಿಗಳನ್ನು ಬಿಡಬೇಡಿ. ಬಿಸಿಲಿನ ಕೆಲಸಕ್ಕೆ ಮರಳುವಾಗ ಬದಿಗಳಿಂದಲೂ ಬೆಳಕು ತಡೆಯುವ ಕನ್ನಡಕ ಮತ್ತು ಅಗಲ ಅಂಚಿನ ಟೋಪಿ ಎರಡೂ ಇರಲಿ.

ಹಿರಿಯ ಶಸ್ತ್ರವೈದ್ಯ

ಎರಡು ಹೊಲಿಗೆ ಮತ್ತು ಅಂಟು ಎಂಬುದಕ್ಕೆ ನನ್ನ ಒಪ್ಪಿಗೆಯಿದೆ. ರಾತ್ರಿಯ ಕವಚವನ್ನು ಕನಿಷ್ಠ ಎರಡು ವಾರ ಕಟ್ಟಿಕೊಳ್ಳಿ, ಒಂದೇ ವಾರಕ್ಕೆ ಬಿಡಬೇಡಿ.

ಪ್ರಶ್ನೆ ಕೇಳಿದವರು

ಶಸ್ತ್ರಚಿಕಿತ್ಸೆಯಾಗಿ ಇಂದಿಗೆ ಎಂಟು ದಿನ. ಇಲ್ಲಿ ಓದಿದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ, ಕಿಟ್ ಹೊಸದೇ ಎಂಬುದರಿಂದ ಹಿಡಿದು ಕವಚದವರೆಗೆ ಒಂದೊಂದಾಗಿ ಕೇಳಿದೆ. ವೈದ್ಯರು ಬೇಸರಪಡದೆ ಉತ್ತರಿಸಿದರು. ನನ್ನ ದುರ್ಮಾಂಸ ಮಧ್ಯಮ ದಪ್ಪದ್ದು, ಕೆಳಗಿನ ರಕ್ತನಾಳಗಳು ಅಲ್ಪಸ್ವಲ್ಪ ಕಾಣುತ್ತವೆ ಎಂದರು. ಹೃದಯದ ವೈದ್ಯರು ಆಸ್ಪಿರಿನ್ ಮುಂದುವರಿಸಲು ತಿಳಿಸಿದರು. ನಿದ್ದೆಯಲ್ಲಿ ಉಜ್ಜುವ ವಿಷಯವನ್ನು ಹೇಳಿದ ಕೂಡಲೇ ಕಣ್ಣಿನ ವೈದ್ಯರು ತಾವಾಗಿಯೇ ಅಂಚಿನ ಎರಡು ಮೂಲೆಗಳಿಗೆ ಹೊಲಿಗೆ ಹಾಕಿ ಉಳಿದದ್ದಕ್ಕೆ ಅಂಟು ಬಳಸುವ ಮಾತೆತ್ತಿದರು.

ಮೇಲಿನ ಹೊಲಿಗೆ ಎರಡನೆಯ ದಿನದಿಂದ ಸ್ವಲ್ಪ ಚುಚ್ಚುತ್ತಿತ್ತು, ಕೆಳಗಿನದು ಇದೆ ಎಂದೇ ಗೊತ್ತಾಗಲಿಲ್ಲ. ಮೂರನೆಯ ರಾತ್ರಿ ನನ್ನ ಕೈ ಕವಚಕ್ಕೆ ಬಡಿದ ಸದ್ದಿಗೆ ನನಗೇ ಎಚ್ಚರವಾಯಿತು. ಆ ಕವಚದ ಬಗ್ಗೆ ಬರೆದವರಿಗೆ ನಾನು ವಿಶೇಷವಾಗಿ ಋಣಿ. ನಿನ್ನೆ ಸ್ಲಿಟ್ ಲ್ಯಾಂಪಿನಲ್ಲಿ ನೋಡಿದ ವೈದ್ಯರು ಗ್ರಾಫ್ಟ್ ಊದಿಕೊಂಡಿದ್ದರೂ ನಾಲ್ಕು ಅಂಚುಗಳೂ ಕೂತಿವೆ, ಹೊಸ ರಕ್ತನಾಳಗಳು ಅದರೊಳಗೆ ಬರತೊಡಗಿವೆ ಎಂದರು. ನನಗಾಗಿ ಪರದೆಯ ಮೇಲೆ ಚಿತ್ರ ತೋರಿಸಿದರು: ಬಿಳಿಯ ಮೇಲೆ ತಿಳಿಗೆಂಪು ಚೌಕ, ಅದರೊಳಗೆ ಕೂದಲೆಳೆಯಂತಹ ಎರಡು ಕೆಂಪು ಗೆರೆಗಳು, ಮೇಲಿನ ಮೂಲೆಯಲ್ಲಿ ದಾರದ ಒಂದು ಚುಕ್ಕೆ. ಮುಂದಿನ ಭೇಟಿ ತಿಂಗಳು ತುಂಬಿದ ಮೇಲೆ, ಅಂದು ಒತ್ತಡವನ್ನೂ ನೋಡುತ್ತಾರೆ. ಆ ದಿನದ ವಿವರವನ್ನೂ ಇಲ್ಲಿಯೇ ಬರೆಯುತ್ತೇನೆ.